ಹೊಕ್ಕೈಡೋ ಸ್ವಭಾವ ಜಾತಕದಲ್ಲಿ ಸಿಗುತ್ತದೆಯೇ?

ಜಪಾನಿನವರಿಗೆ ಎರಡು ಹುಚ್ಚು. ಯಾವ ಪ್ರಾಂತ್ಯದವರು ಎಂಥವರು ಅಂತ ಮಾತಾಡುವುದು ಒಂದು. ಒಸಾಕಾದವರು ಮಾತುಗಾರರು, ಕ್ಯೋಟೋದವರು ಮನಸ್ಸಿನಲ್ಲಿದ್ದದ್ದನ್ನು ಬಾಯಿಗೆ ತರುವುದಿಲ್ಲ, ಹೀಗೆ. ರಾಶಿಫಲ ಇನ್ನೊಂದು. ಬೆಳಗಿನ ಟಿವಿಯಲ್ಲಿ ಹನ್ನೆರಡು ರಾಶಿಗೂ ರ‍್ಯಾಂಕ್ ಕೊಡುತ್ತಾರೆ. ಈ ಎರಡನ್ನೂ ಸೇರಿಸಿ, ಒಂದು ಇಡೀ ನಾಡಿಗೇ ಜಾತಕ ಬರೆದು ಸ್ವಭಾವ ಹೇಳಬಹುದೇ? ಉತ್ತರ ತುದಿಯ ಹಿಮದ ದ್ವೀಪ ಹೊಕ್ಕೈಡೋವನ್ನೇ ತಗೊಳ್ಳೋಣ. ಅದರ ನಾಮಕರಣದ ದಿನ ದಾಖಲೆಯಲ್ಲಿದೆ.

ಪರ: ದೋಣಿ, ತೆನೆ, ಬೆಂಕಿ

ಹೊಕ್ಕೈಡೋ ಅನ್ನುವ ಹೆಸರು ಅಧಿಕೃತವಾದದ್ದು 1869ರ ಸೆಪ್ಟೆಂಬರ್ 20ರಂದು. ಆಗಿನ ಜಪಾನಿ ಚಾಂದ್ರಮಾನ ಪಂಚಾಂಗದಲ್ಲಿ ಅದು ಎಂಟನೇ ತಿಂಗಳ ಹದಿನೈದನೇ ದಿನ, ಅಂದರೆ ಹುಣ್ಣಿಮೆಯ ಆಸುಪಾಸು. ಸೂರ್ಯ ಕನ್ಯಾ ರಾಶಿಯಲ್ಲಿದ್ದ. ಪಾಶ್ಚಾತ್ಯರ ಲೆಕ್ಕಕ್ಕೂ ನಮ್ಮ ಲೆಕ್ಕಕ್ಕೂ ಇಪ್ಪತ್ತಕ್ಕಿಂತ ಜಾಸ್ತಿ ಡಿಗ್ರಿ ವ್ಯತ್ಯಾಸ ಇರುವುದರಿಂದ ಎಷ್ಟೋ ಸಲ ಇಬ್ಬರೂ ಬೇರೆ ಬೇರೆ ರಾಶಿ ಹೇಳುತ್ತಾರೆ. ಇಲ್ಲಿ ಎರಡು ಲೆಕ್ಕದಲ್ಲೂ ಕನ್ಯಾ ರಾಶಿಯೇ.

ವರಾಹಮಿಹಿರನ ಬೃಹಜ್ಜಾತಕದಲ್ಲಿ ಕನ್ಯಾ ರಾಶಿಯ ಚಿತ್ರ ಹೇಗಿದೆ ಗೊತ್ತಾ? ದೋಣಿಯಲ್ಲಿ ಒಬ್ಬ ಹುಡುಗಿ. ಅವಳ ಬಳಿ ತೆನೆ ಮತ್ತು ಬೆಂಕಿ. ಈಗ ಹೊಕ್ಕೈಡೋ ನೋಡಿ. ಮೇಜಿ ಚಕ್ರವರ್ತಿಯ ಕಾಲದಲ್ಲಿ (1868–1912) ಜನ ಜಪಾನಿನ ಮುಖ್ಯ ದ್ವೀಪ ಹೊನ್ಶೂದಿಂದ ಹಡಗು ಹತ್ತಿ ಬಂದರು. 1875ರಲ್ಲಿ ಸಪ್ಪೊರೊ ಪಕ್ಕದ ಕೊತೊನಿಯಲ್ಲಿ ರೈತ-ಸೈನಿಕರ ಮೊದಲ ಊರು ಎದ್ದಿತು. ಇವತ್ತು ಜಪಾನಿನ ಗೋಧಿಯಲ್ಲಿ ಸುಮಾರು ಮೂರನೇ ಎರಡು ಭಾಗ, ಹಾಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಇಲ್ಲಿಂದಲೇ ಬರುತ್ತದೆ. ಇನ್ನು ಬೆಂಕಿ. ಎರಡು ಪದರದ ಕಿಟಕಿ, ಸೀಮೆಎಣ್ಣೆ ಸ್ಟೋವ್. ಹೊರಗೆ ಆಳೆತ್ತರದ ಹಿಮ ಬಿದ್ದಿದ್ದರೂ ಒಳಗೆ ಟೀ ಶರ್ಟ್ ಹಾಕಿಕೊಂಡು ಐಸ್‌ಕ್ರೀಮ್ ತಿನ್ನುವ ಜನ ಇವರು. ಟೋಕಿಯೋದ ತಣ್ಣನೆ ಮನೆಗಳಿಗೆ ಹೋದರೆ ಇವರಿಗೇ ಚಳಿ ಅಂತೆ!

ಇಷ್ಟಕ್ಕೇ ಗ್ರಹಗಳು ಹೊಕ್ಕೈಡೋವನ್ನು ಹೀಗೆ ಮಾಡಿದವು ಅಂತ ನಾನು ಹೇಳುತ್ತಿಲ್ಲ. ಆರಿದ್ರಾ ಮಳೆ ಬಂತು ಅನ್ನುವ ನಮ್ಮ ರೈತ ನಕ್ಷತ್ರವೇ ನೀರು ಸುರಿಸಿತು ಅಂತ ವಾದ ಮಾಡುತ್ತಾನಾ? ಕಾಲ, ನೆಲ, ಕೆಲಸ ಮೂರನ್ನೂ ಒಂದೇ ಹೆಸರಲ್ಲಿ ಹಿಡಿಯುತ್ತಾನೆ, ಅಷ್ಟೇ. ನಾಡುಗಳನ್ನು ಹೀಗೆ ನೋಡುವುದು ಹೊಸದೂ ಅಲ್ಲ. ಎರಡನೇ ಶತಮಾನದ ಗ್ರೀಕ್ ಖಗೋಳಜ್ಞ ಟಾಲೆಮಿ ಆಗಿನ ಲೋಕದ ನಾಡುಗಳನ್ನೆಲ್ಲ ರಾಶಿಗಳಿಗೆ ಹಂಚಿದ್ದ. ನಮ್ಮ ಬೃಹತ್ಸಂಹಿತೆ ಭರತಖಂಡವನ್ನು ಆಮೆಯಂತೆ ಕಲ್ಪಿಸಿಕೊಂಡು ಒಂದೊಂದು ಭಾಗಕ್ಕೆ ಮೂರು ಮೂರು ನಕ್ಷತ್ರ ಕೊಟ್ಟಿತು.

ಹೊಕ್ಕೈಡೋ ಕೂಡ ತನ್ನ ಗುರುತಿಗೆ ನಕ್ಷತ್ರವನ್ನೇ ಆರಿಸಿಕೊಂಡಿದೆ. ಮೇಜಿ ಸರ್ಕಾರದ ಅಭಿವೃದ್ಧಿ ಇಲಾಖೆಯ ನೀಲಿ ಬಾವುಟದ ಮೇಲೆ ಕೆಂಪು ನಕ್ಷತ್ರವಿತ್ತು. ಅದು ಧ್ರುವ ನಕ್ಷತ್ರ. ಆ ಇಲಾಖೆಯೇ 1876ರಲ್ಲಿ ಶುರು ಮಾಡಿದ ಸಪ್ಪೊರೊ ಬಿಯರಿನ ಬಾಟಲಿ ಮೇಲೆ ನಕ್ಷತ್ರ ಈಗಲೂ ಇದೆ. 1967ರ ಪ್ರಾಂತ್ಯದ ಬಾವುಟದಲ್ಲಿ ಅದಕ್ಕೆ ಏಳು ಮೂಲೆ. ಬೆಂಗಳೂರಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಬರೀ 13 ಡಿಗ್ರಿ ಮೇಲಿರುತ್ತದೆ, ಕಟ್ಟಡಗಳ ಹಿಂದೆ ಮರೆಯಾಗುತ್ತದೆ. ಸಪ್ಪೊರೊದಲ್ಲಿ 43 ಡಿಗ್ರಿ. ಬಾವುಟದಲ್ಲಿ ನಕ್ಷತ್ರ ಇಟ್ಟುಕೊಂಡ ನಾಡನ್ನು ನಕ್ಷತ್ರದ ಮೂಲಕ ಓದಿದರೆ ತಪ್ಪೇನು?

ವಿರೋಧ: ಯಾರ ಹುಟ್ಟಿದ ದಿನ ಇದು?

ಮೊದಲು ಈ ತಾರೀಖನ್ನೇ ನೋಡೋಣ. ಹೊಸ ಹೆಸರಿನ ಪಟ್ಟಿಯನ್ನು ಪರಿಶೋಧಕ ಮತ್ಸುಉರಾ ತಾಕೆಶಿರೊ ಸರ್ಕಾರಕ್ಕೆ ಕೊಟ್ಟದ್ದು ಚಾಂದ್ರಮಾನದ ಏಳನೇ ತಿಂಗಳ 17ರಂದು. ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಅದು ಆಗಸ್ಟ್ 24. ಆ ದಿನಕ್ಕೆ ಪಾಶ್ಚಾತ್ಯರು ಕನ್ಯಾ ಅಂದರೆ ನಮ್ಮ ಜೋಯಿಸರು ಸಿಂಹ ಅನ್ನುತ್ತಾರೆ. ಅಲ್ಲಿನ ಆಡಳಿತ ಪ್ರಾಂತ್ಯದ ದಿನ ಅಂತ ಆಚರಿಸುವುದು ಜುಲೈ 17ರಂದು. ಅದನ್ನು ಹಿಡಿದರೆ ಕರ್ಕಾಟಕ. ಪರದವರು ತಮಗೆ ಹೊಂದುವ ದಿನ ಆರಿಸಿಕೊಂಡು, ನೋಡಿ ಹೊಂದಿತು ಅನ್ನುತ್ತಿದ್ದಾರೆ.

ಅಷ್ಟಾದರೂ ಪೂರ್ತಿ ಹೊಂದಿತಾ? ಕನ್ಯಾ ರಾಶಿಯವರು ಸಂಕೋಚದವರು, ಅತಿ ಅಚ್ಚುಕಟ್ಟು, ಎಲ್ಲದರಲ್ಲೂ ತಪ್ಪು ಹುಡುಕುವವರು ಅಂತ ಯಾವ ರಾಶಿಫಲದ ಪುಸ್ತಕವಾದರೂ ಹೇಳುತ್ತದೆ. ಹೊಕ್ಕೈಡೋದವರ ಬಗ್ಗೆ ಜಪಾನಿನಲ್ಲಿ ಇರುವ ಮಾತು ಇದಕ್ಕೆ ತದ್ವಿರುದ್ಧ: ಧಾರಾಳ ಮನಸ್ಸು, ಸಂಪ್ರದಾಯದ ಗೊಡವೆ ಕಡಿಮೆ. ದೋಣಿ, ತೆನೆ ಸಿಕ್ಕವು ಅಂತ ಖುಷಿಪಟ್ಟವರು ಸ್ವಭಾವದ ವಿಷಯವನ್ನೇ ಬಿಟ್ಟುಬಿಟ್ಟರು. ಪ್ರಶ್ನೆ ಇದ್ದದ್ದು ಸ್ವಭಾವದ ಬಗ್ಗೆ, ಅಲ್ವಾ?

ಆ ಧಾರಾಳತನಕ್ಕೆ ಕಾರಣ ಹುಡುಕಲು ಆಕಾಶ ನೋಡಬೇಕಿಲ್ಲ. ಅಲ್ಲಿನ ಮದುವೆ ನೋಡಿ ಸಾಕು. ಜಪಾನಿನ ಉಳಿದ ಕಡೆ ಅತಿಥಿಗಳು ಸಂಬಂಧ, ಅಂತಸ್ತಿಗೆ ತಕ್ಕಂತೆ ಲಕೋಟೆಯಲ್ಲಿ ದುಡ್ಡು ಇಟ್ಟು ಕೊಡುತ್ತಾರೆ. ಹೊಕ್ಕೈಡೋದಲ್ಲಿ ಎಲ್ಲರಿಗೂ ಒಂದೇ ದರ. ಬಾಗಿಲಲ್ಲೇ ಕಟ್ಟಿ ಒಳಗೆ ಹೋಗುವುದು. ಸ್ನೇಹಿತರೇ ಸಮಿತಿ ಮಾಡಿಕೊಂಡು ಮದುವೆ ನಡೆಸಿಕೊಡುವ ರೂಢಿಯೂ ಉಂಟು. ಬೇರೆ ಬೇರೆ ಪ್ರಾಂತ್ಯಗಳಿಂದ ವಲಸೆ ಬಂದವರು, ಕೈಯಲ್ಲಿ ಕಾಸು ಕಮ್ಮಿ, ನೆಂಟರು ದೂರ. ಯಾರ ಊರಿನ ಶಾಸ್ತ್ರ ಪಾಲಿಸುವುದು? ಅದರಿಂದ ಹುಟ್ಟಿದ ಏರ್ಪಾಡು ಇದು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನನಗಂತೂ ಬಹಳ ಹಿಡಿಸಿದ ಏರ್ಪಾಡು.

ಹಿಮವೂ ಇಡೀ ದ್ವೀಪಕ್ಕೆ ಒಂದೇ ಥರ ಬೀಳುವುದಿಲ್ಲ. ಸೈಬೀರಿಯಾದ ಒಣ ಗಾಳಿ ಜಪಾನ್ ಸಮುದ್ರದ ಮೇಲೆ ನೀರಾವಿ ಹೀರಿಕೊಂಡು ಪಶ್ಚಿಮದ ಬೆಟ್ಟಗಳಿಗೆ ಬಡಿದು ಹಿಮ ಸುರಿಸುತ್ತದೆ. ಸುಮಾರು 20 ಲಕ್ಷ ಜನರ ಸಪ್ಪೊರೊದಲ್ಲಿ ವರ್ಷಕ್ಕೆ ಬೀಳುವ ಹಿಮ ಹೆಚ್ಚುಕಡಿಮೆ 5 ಮೀಟರ್. ಪೂರ್ವದ ಕುಶಿರೊದಲ್ಲಿ ಚಳಿ ಕೊರೆಯುತ್ತದೆ, ಆದರೆ ಹಿಮ ಕಡಿಮೆ, ಬಿಸಿಲು ಜಾಸ್ತಿ. ದಕ್ಷಿಣದ ಹಕೊಡಾತೆ ಕಡೆಯದ್ದು ಮೇಜಿಗಿಂತ ಎಷ್ಟೋ ಹಿಂದಿನ ಜಪಾನಿ ನೆಲೆ. ಇವೆಲ್ಲಕ್ಕೂ ಸೇರಿಸಿ ಒಂದೇ ಜಾತಕ ಯಾಕೆ?

ತೆನೆಯ ಮಾತಿಗೆ ಬರೋಣ. ಸಪ್ಪೊರೊ ಭಾಗದಲ್ಲಿ ಭತ್ತ ಬೆಳೆಯುವುದಿಲ್ಲ ಅಂತ ಸರ್ಕಾರದವರೇ ಕೈಬಿಟ್ಟಿದ್ದರು. 1873ರಲ್ಲಿ ಶಿಮಾಮತ್ಸು ಎಂಬಲ್ಲಿ ನಾಕಾಯಾಮಾ ಕ್ಯೂಜೊ ಎಂಬ ರೈತ ಸ್ನಾನದ ಬಿಸಿನೀರನ್ನು ಹಗಲು ರಾತ್ರಿ ಗದ್ದೆಗೆ ಹುಯ್ದು ಸಸಿ ಬದುಕಿಸಿದರು. ಚಳಿ ತಡೆಯುವ ತಳಿ ಹಿಡಿದು ಭತ್ತ ಬೆಳೆದು ತೋರಿಸಿದರು. ಇವತ್ತು ಹೊಕ್ಕೈಡೋ ಜಪಾನಿನ ಅತಿ ಹೆಚ್ಚು ಅಕ್ಕಿ ಬೆಳೆಯುವ ಪ್ರಾಂತ್ಯಗಳಲ್ಲಿ ಒಂದು. ಆ ಬಿಸಿನೀರಿನ ಶ್ರೇಯಸ್ಸು ಕನ್ಯಾ ರಾಶಿಗೆ ಯಾಕೆ ಹೋಗಬೇಕು?

ನನಗೆ ಎಲ್ಲಕ್ಕಿಂತ ಕಸಿವಿಸಿ ಮಾಡುವುದು ಬೇರೆ. 1869ರಲ್ಲಿ ಆ ದ್ವೀಪ ಹುಟ್ಟಲಿಲ್ಲ. ಅಲ್ಲಿ ಐನು ಜನ ಶತಮಾನಗಳಿಂದ ಬೇಟೆ, ಮೀನುಗಾರಿಕೆ ಮಾಡಿಕೊಂಡಿದ್ದರು. ಅವರ ನೆಲ, ಭಾಷೆ, ಸಾಲ್ಮನ್ ಹಿಡಿಯುವ ಹಕ್ಕು ಒಂದೊಂದಾಗಿ ಹೋದದ್ದು ಆ ನಾಮಕರಣದ ನಂತರವೇ. ಅವರನ್ನು ಮೂಲನಿವಾಸಿಗಳು ಅಂತ ಜಪಾನಿನ ಕಾನೂನು ಒಪ್ಪಿದ್ದು 2019ರಲ್ಲಿ. ಸರ್ಕಾರದ ಕಡತದ ದಿನವನ್ನೇ ಜನ್ಮದಿನ ಅಂದರೆ ಅವರಿಗೆ ಜಾತಕದಲ್ಲಿ ಯಾವ ಮನೆ?

ಇದೆಲ್ಲ ಸುಮ್ನೆ ತಮಾಷೆಗೆ ಅನ್ನುವವರಿಗೆ ಜಪಾನಿನದ್ದೇ ಇನ್ನೊಂದು ಲೆಕ್ಕ ಇದೆ. ನಮ್ಮ ಸಂವತ್ಸರಗಳ ಹಾಗೆ ಅಲ್ಲೂ 60 ವರ್ಷದ ಚಕ್ರ ಉಂಟು. ಅದರಲ್ಲಿ ‘ಬೆಂಕಿ ಕುದುರೆ’ ವರ್ಷದಲ್ಲಿ ಹುಟ್ಟಿದ ಹೆಣ್ಣು ಸಿಡುಕಿ, ಗಂಡನ ಆಯಸ್ಸು ತಿನ್ನುತ್ತಾಳೆ ಅಂತ ನಂಬಿಕೆ. ಮೂಲಾ ನಕ್ಷತ್ರದ ಹುಡುಗಿ ಬೇಡ ಅನ್ನುವುದನ್ನು ಕೇಳಿದ ನಮಗೆ ಇದು ಹೊಸದಲ್ಲ. 1965ರಲ್ಲಿ ಜಪಾನಿನಲ್ಲಿ ಹುಟ್ಟಿದ ಮಕ್ಕಳು ಸುಮಾರು 18.2 ಲಕ್ಷ. ಬೆಂಕಿ ಕುದುರೆ ವರ್ಷವಾದ 1966ರಲ್ಲಿ 13.6 ಲಕ್ಷ. ಮರುವರ್ಷ ಮತ್ತೆ 19 ಲಕ್ಷ ದಾಟಿತು. ಆಗ ಬುಲೆಟ್ ಟ್ರೈನ್ ಓಡಲು ಶುರುವಾಗಿ ಎರಡು ವರ್ಷವಾಗಿತ್ತು.