ಹೃದಯದ ಅಪಾಯವನ್ನು ಅಳೆದ ಮೇಲೆ ಆಡಬೇಕಾದ ಮಾತು

ಇಂಗ್ಲೆಂಡಿನಲ್ಲಿ ನೆಲೆಸಿರುವ ನನಗೆ ಇಲ್ಲಿನ ವೈದ್ಯಪದ್ಧತಿಯಲ್ಲಿ ಬಹಳ ಹಿಡಿಸಿದ್ದು, ಹೃದ್ರೋಗದ ಸಂಭವವನ್ನು ಅದು ಬರುವ ಮುನ್ನವೇ ಲೆಕ್ಕ ಹಾಕುವ ಶಿಸ್ತು. 40ರಿಂದ 74ರ ವಯಸ್ಸಿನ, ಹೃದ್ರೋಗವಿಲ್ಲದ ಜನರನ್ನು ಐದು ವರ್ಷಕ್ಕೊಮ್ಮೆ ತಪಾಸಣೆಗೆ ಕರೆಯುತ್ತಾರೆ. ವಯಸ್ಸು, ರಕ್ತದೊತ್ತಡ, ಕೊಲೆಸ್ಟ್ರಾಲ್, ಧೂಮಪಾನ, ಮನೆತನದಲ್ಲಿ ಹೃದ್ರೋಗವಿದೆಯೇ ಎಂಬುದನ್ನೆಲ್ಲ ಕ್ಯೂರಿಸ್ಕ್ ಎಂಬ ಸೂತ್ರಕ್ಕೆ ಕೊಟ್ಟು, ಮುಂದಿನ 10 ವರ್ಷಗಳಲ್ಲಿ ಹೃದಯಾಘಾತ ಅಥವಾ ಪಾರ್ಶ್ವವಾಯು ಆಗುವ ಸಂಭವ ಶೇ ಎಷ್ಟೆಂದು ನೋಡುತ್ತಾರೆ.

ನಮ್ಮ ಭಾರತದಲ್ಲಿ ಸಾಮಾನ್ಯವಾಗಿ ಓದುವುದು ರಕ್ತಪರೀಕ್ಷೆಯ ವರದಿಯ ಒಂದೊಂದು ಸಾಲನ್ನು. ದಪ್ಪ ಅಕ್ಷರದಲ್ಲಿ ಅಚ್ಚಾದ ಸಂಖ್ಯೆ ಕಂಡರೆ ಆತಂಕ, ಇಲ್ಲದಿದ್ದರೆ ನೆಮ್ಮದಿ. ಹೀಗಾಗಿ ಕೊಲೆಸ್ಟ್ರಾಲ್ ತುಸು ಹೆಚ್ಚಿರುವ, ಬೇರೆ ಯಾವ ತೊಂದರೆಯೂ ಇಲ್ಲದ 35ರ ಯುವತಿ ಗಾಬರಿಯಾಗುತ್ತಾಳೆ. ಕೊಲೆಸ್ಟ್ರಾಲ್ ಸರಿಯಾಗಿಯೇ ಇದ್ದು, ಬೀಡಿ ಸೇದುವ, ರಕ್ತದೊತ್ತಡ 150 ದಾಟಿದ 58ರ ಗಂಡಸು 'ನಾರ್ಮಲ್' ಎಂದುಕೊಂಡು ಮನೆಗೆ ಹೋಗುತ್ತಾನೆ. ನಿಜವಾಗಿ ಹೆಚ್ಚು ಅಪಾಯದಲ್ಲಿರುವವನು ಅವನೇ.

ಆದರೆ ಅಪಾಯ ಶೇ ಎಷ್ಟೆಂಬ ಸಂಖ್ಯೆ ಬಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. "ನಿಮ್ಮಂಥ ನೂರು ಜನರಲ್ಲಿ ಹತ್ತು ಜನರಿಗೆ ಹತ್ತು ವರ್ಷದೊಳಗೆ ಹೃದಯಾಘಾತವೋ ಪಾರ್ಶ್ವವಾಯುವೋ ಆಗಬಹುದು, ಎಲ್ಲರೂ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ತೆಗೆದುಕೊಂಡರೆ ಅವರಲ್ಲಿ ಸುಮಾರು ನಾಲ್ವರು ತಪ್ಪಿಸಿಕೊಳ್ಳುತ್ತಾರೆ" ಎಂದು ವೈದ್ಯರು ಬಿಡಿಸಿ ಹೇಳಿದಾಗ, ಮಾತ್ರೆ ಬೇಕೋ ಬೇಡವೋ ಎಂಬುದನ್ನು ರೋಗಿಯೂ ಕೂತು ಯೋಚಿಸಬಲ್ಲ. ಇಂಗ್ಲೆಂಡಿನಲ್ಲಿ ಶೇ 10ರ ಗಡಿ ದಾಟಿದವರಿಗೆ ಸ್ಟ್ಯಾಟಿನ್ ಸೂಚಿಸುತ್ತಾರಾದರೂ, ತೀರ್ಮಾನಕ್ಕೆ ಮುನ್ನ ಈ ಮಾತುಕತೆ ನಡೆಯಬೇಕು. ಲೆಕ್ಕದ ಉಪಯೋಗವೆಲ್ಲ ಇರುವುದು ಇಲ್ಲಿಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಾಗೆಂದು ಹೊರಗಿನ ಸೂತ್ರವನ್ನು ಹಾಗೆಯೇ ತಂದು ಹಚ್ಚುವುದು ತಪ್ಪು. ಇಂಥ ಲೆಕ್ಕಗಳಿಗೆ ಬುನಾದಿಯಾದದ್ದು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 1948ರಲ್ಲಿ ಆರಂಭವಾದ ಅಧ್ಯಯನ. ಅದರಲ್ಲಿದ್ದವರು ಬಹುಪಾಲು ಬಿಳಿಯರು. ಕ್ಯೂರಿಸ್ಕ್ ಭಾರತೀಯರನ್ನು ಪ್ರತ್ಯೇಕವಾಗಿ ಪರಿಗಣಿಸುತ್ತದೆ ನಿಜ, ಆದರೆ ಅವರು ಬ್ರಿಟನ್‌ನಲ್ಲಿ ಬಾಳುವ ಭಾರತೀಯರು. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬರುವುದು ಸರಾಸರಿ 53ರ ಆಸುಪಾಸಿನಲ್ಲಿ, ಇತರರಿಗೆ 59ರ ಹತ್ತಿರ ಎಂದು ಹಲವು ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನ ತೋರಿಸಿದೆ. ವಯಸ್ಸಿಗೇ ಹೆಚ್ಚು ತೂಕ ಕೊಡುವ ಹತ್ತು ವರ್ಷದ ಲೆಕ್ಕದಲ್ಲಿ ನಮ್ಮ ನಲವತ್ತರ ಆಸುಪಾಸಿನವರು ಸುರಕ್ಷಿತರಂತೆ ಕಂಡುಬಿಡುವ ಭಯ ಇರುವುದು ಇದರಿಂದಲೇ. ಅವರಿಗೆ ಜೀವಮಾನದ ಅಪಾಯವನ್ನೂ ತಿಳಿಸಬೇಕು.

ಸದ್ಯಕ್ಕೆ ನಮಗೆ ಹತ್ತಿರವಾದದ್ದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಪರಿಷ್ಕೃತ ಹೃದ್ರೋಗ-ಅಪಾಯದ ಪಟ್ಟಿ. ಜಗತ್ತನ್ನು 21 ವಲಯಗಳಾಗಿ ವಿಂಗಡಿಸಿರುವ ಅದರಲ್ಲಿ ದಕ್ಷಿಣ ಏಷ್ಯಾಕ್ಕೆ ಬೇರೆಯೇ ಪಟ್ಟಿಯಿದೆ. ರಕ್ತಪರೀಕ್ಷೆ ಇಲ್ಲದೆಯೂ ವಯಸ್ಸು, ಲಿಂಗ, ಧೂಮಪಾನ, ರಕ್ತದೊತ್ತಡ, ಎತ್ತರ-ತೂಕಗಳಿಂದ ಅಪಾಯವನ್ನು ಅಂದಾಜು ಮಾಡಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಇಷ್ಟು ಸಾಕು. ಎದೆನೋವೆಂದು ಬಂದವರಿಗೆ ಮಾತ್ರ ಈ ಪಟ್ಟಿಯನ್ನು ಬಳಸಲೇಬಾರದು. ಅವರಿಗೆ ಬೇಕಾದದ್ದು ತಕ್ಷಣದ ಇಸಿಜಿ ಮತ್ತು ಚಿಕಿತ್ಸೆ. ಉಳಿದವರ ಅಂದಾಜನ್ನು ದಾಖಲಿಸಿಟ್ಟು, ಹತ್ತು ವರ್ಷಗಳಲ್ಲಿ ಯಾರಿಗೆ ಏನಾಯಿತೆಂದು ಬೆನ್ನುಹತ್ತಿ ನೋಡುವ ವ್ಯವಸ್ಥೆಯನ್ನು ಸರ್ಕಾರ ಈಗಲೇ ಕಟ್ಟಿದರೆ, ಈ ಪಟ್ಟಿಯನ್ನು ನಮ್ಮ ಜನರಿಗೆ ತಕ್ಕಂತೆ ತಿದ್ದಿಕೊಳ್ಳಲು ಬೇಕಾದ ಮಾಹಿತಿ ನಮ್ಮ ಕೈಯಲ್ಲಿರುತ್ತದೆ.