"ಇಷ್ಟು ದಿನ ಎಲ್ಲಿ ಸತ್ತಿದ್ರಿ?"

ಇವತ್ತು ಹನ್ನೊಂದೂವರೆಗೆ, ಸರ್ಕಾರಿ ಆಸ್ಪತ್ರೇಲಿ, ಕಡಿಮೆ ಅಂದ್ರೂ ಐವತ್ತು ಹೆಂಗಸರ ಎದುರಿಗೆ ನಮಗೆ ಸಿಕ್ಕ ಪ್ರಶ್ನೆ ಇದು. ಸಂಜೆ ಆದ್ರೂ ಕಿವಿಯಿಂದ ಹೋಗ್ತಿಲ್ಲ.

ಆ ನರ್ಸು ತಾಯಿ ಕಾರ್ಡನ್ನ ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ರು, ಸತ್ತ ಇಲಿನ ಬಾಲ ಹಿಡಿದು ಎತ್ತೋ ಹಾಗೆ. "ನೋಡ್ರಮ್ಮ ಎಲ್ಲಾರೂ ನೋಡಿ. ಏಳು ತಿಂಗಳು. ಒಂದು ಚೆಕಪ್ಪಿಲ್ಲ, ಒಂದು ಸ್ಕ್ಯಾನಿಲ್ಲ, ರಕ್ತ 7.8. ನಾಳೆ ಏನಾದ್ರೂ ಆದ್ರೆ ನಮ್ ತಲೆಗೇ ಕಟ್ತೀರ." ಬೆಂಚ್ ಮೇಲಿದ್ದೋರೆಲ್ಲ ಕತ್ತು ಉದ್ದ ಮಾಡಿದ್ರು. ಯಾರೋ ಲೊಚಗುಟ್ಟಿದ್ರು. ಬಸುರಿ ಅವಳು, ನನ್ನ ತಮ್ಮನ ಹೆಂಡ್ತಿ, ವೇಲಿನ ತುದಿನ ಬೆರಳಿಗೆ ಸುತ್ತೋದು, ಬಿಚ್ಚೋದು, ಮತ್ತೆ ಸುತ್ತೋದು. ಆ ಬೆರಳಲ್ಲಿ ಕಾಫಿ ಹಣ್ಣಿನ ಕರೆ ಇನ್ನೂ ಹೋಗಿರಲಿಲ್ಲ.

ಎಲ್ಲಿ ಸತ್ತಿದ್ರಿ ಅಂದ್ರೆ, ಕೊಡಗಿನ ಕಾಫಿ ತೋಟದ ಕೂಲಿಯೋರ ಲೈನ್ ಮನೇಲಿ. ಮೇಸ್ತ್ರಿ ಹತ್ರ ಮದುವೆ ಸಾಲಕ್ಕೆ ಅಡ್ವಾನ್ಸ್ ತಗೊಂಡಿದ್ರು, ಡಿಸೆಂಬರಲ್ಲಿ ಲಾರಿ ಹತ್ತಿದ್ರು. ಊರಿನ ಆಶಾ ಅಕ್ಕ ಹೆಸರು ಬರ್ಕೊಂಡು ಕಾರ್ಡ್ ಕೊಟ್ಟಿದ್ದೇ ಬಂತು. ಕೆ.ಜಿ. ಲೆಕ್ಕದಲ್ಲಿ ಕೊಯ್ಯೋ ಕಡೆ ಒಂದು ದಿನ ಆಸ್ಪತ್ರೆಗೆ ಹೋದ್ರೆ ಒಂದು ದಿನದ ಕೂಲಿ ಸೊನ್ನೆ, ಕರ್ಕೊಂಡು ಹೋಗೋ ಗಂಡಂದೂ ಸೊನ್ನೆ. ಇದನ್ನ ಅಲ್ಲೇ ಹೇಳಬೇಕಿತ್ತು. ನಾನೇನು ಹೇಳ್ದೆ ಗೊತ್ತಾ?

"ಸಾರಿ ಮೇಡಂ."

ಡಿಗ್ರಿ ಮಾಡಿದೋಳು ನಾನು! ಬಸ್ಸಲ್ಲಿ ಚಿಲ್ಲರೆಗೆ ಕಂಡಕ್ಟರ್ ಜತೆ ಜಗಳಕ್ಕೆ ನಿಲ್ಲೋಳು. ಜತೆಗೆ ನೀನಿದ್ರೆ ಧೈರ್ಯ ಅಕ್ಕ ಅಂತ ಅವಳು ಕರ್ಕೊಂಡು ಹೋಗಿದ್ದು ಇಂಥ ಹುಲಿನ. ಸಾರಿ ಒಂದ್ಸಲ ಅಲ್ಲ, ಮೂರು ಸಲ ಅಂದೆ.

ಆ ಯಮ್ಮ ಹೇಳಿದ್ದು ಸುಳ್ಳಲ್ಲ, ಅದೇ ಉರಿಯೋದು. ಹಿಮೋಗ್ಲೋಬಿನ್ 7.8 ಅಂದ್ರೆ ಹೆದರ್ಲೇಬೇಕು, 11 ಇರ್ಬೇಕು. ಹೆಂಗಸರ ಸಾಲು ಗೇಟ್‌ವರೆಗೆ, ನೋಡೋರು ಇಬ್ಬರು. ಪ್ರತಿ ತಿಂಗಳು 9ನೇ ತಾರೀಕು, ಬಸುರಿಯರ ಚೆಕಪ್ ದಿನ, ಹೀಗೇ ಅಂತೆ. ನಾನಾಗಿದ್ರೂ ಕಿರುಚ್ತಿದ್ದೆ. ಆದ್ರೆ ಕಾರ್ಡ್ ಎತ್ತಿ ಊರಿಗೆಲ್ಲ ತೋರಿಸ್ತಿದ್ನಾ? ಗೊತ್ತಿಲ್ಲ. ಇಲ್ಲ, ತೋರಿಸ್ತಿರಲಿಲ್ಲ.

ಸ್ಕ್ಯಾನಿಂಗ್ ಹೊರಗಡೆ ಮಾಡಿಸಿ ಅಂದ್ರು. 1,200 ರೂಪಾಯಿ. ಅವರ ತಲೆ ಮೇಲೇ ಬೋರ್ಡು: ಬಸುರಿ, ಬಾಣಂತಿಗೆ ಔಷಧಿ, ಪರೀಕ್ಷೆ, ರಕ್ತ, ಊಟ, ವಾಹನ ಎಲ್ಲಾ ಉಚಿತ. 2011ರಿಂದ ಇರೋ ಯೋಜನೆ. ಹೋಗ್ಲಿ, ಬಸುರಿಯರಿಗೆ ಸರ್ಕಾರ ಕೊಡೋ ಮಾತೃವಂದನಾ ದುಡ್ಡಾದ್ರೂ ಬರುತ್ತಾ ಅಂದ್ರೆ, ಆರು ತಿಂಗಳೊಳಗೆ ಒಂದು ಚೆಕಪ್ ಆಗಿರ್ಬೇಕಂತೆ. ದುಡ್ಡಿಲ್ಲ ಅಂತ ಚೆಕಪ್ಪಿಗೆ ಬರಲಿಲ್ಲ. ಚೆಕಪ್ಪಿಗೆ ಬರಲಿಲ್ಲ ಅಂತ ದುಡ್ಡಿಲ್ಲ. ಇದನ್ನ ಬರೆದ ಪುಣ್ಯಾತ್ಮ ಯಾರಾದ್ರೂ ಇಲ್ಲಿದ್ರೆ ಉತ್ತರ ಕೊಡಿ ಸ್ವಾಮಿ. ಅವಳ ಹೆಸರು ಇನ್ನೂ ತವರಿನ ರೇಷನ್ ಕಾರ್ಡಲ್ಲೇ ಇದೆ, ಅದನ್ನ ಬದಲಾಯಿಸೋಕೆ ಇನ್ನೊಂದು ಕಚೇರಿ, ಇನ್ನೊಂದು ದಿನದ ಕೂಲಿ.

2022ರಲ್ಲಿ ತುಮಕೂರಲ್ಲಿ ತಾಯಿ ಕಾರ್ಡಿಲ್ಲ ಅಂತ ವಾಪಸ್ ಕಳಿಸಿದ್ರಲ್ಲ, ಅವಳಿ ಮಕ್ಕಳ ಸಮೇತ ಮನೇಲೇ ಸತ್ತ ಆ ಬಡ ಹೆಂಗಸು, ಅದು ಸಾಲಲ್ಲಿ ನಿಂತಷ್ಟು ಹೊತ್ತೂ ನನ್ನ ತಲೇಲಿತ್ತು. ಅದಕ್ಕೇ ಬಾಯಿ ಮುಚ್ಕೊಂಡೆ ಅಂತ ಈಗ ನನಗೆ ನಾನೇ ಸಮಾಧಾನ ಹೇಳ್ಕೊತಿದೀನಿ. ಇವರ ಕೈಲೇ ತಾನೇ ಹೆರಿಗೆ ಆಗಬೇಕು.

ಕಬ್ಬಿಣದ ಮಾತ್ರೆ ಕೊಟ್ಟಿದಾರೆ. ಮೊಟ್ಟೆ, ಹಣ್ಣು, ಸೊಪ್ಪು ಚೆನ್ನಾಗಿ ತಿನ್ನಿ ಅಂದಿದಾರೆ. ವಾಪಸ್ ಬರೋವಾಗ ಶಕ್ತಿ ಬಸ್ಸಲ್ಲಿ ಸೀಟ್ ಸಿಗ್ಲಿಲ್ಲ, ಕಂಬ ಹಿಡಿದು ನಿಂತೇ ಬಂದ್ಲು. ಅರ್ಧ ದಾರಿಲಿ ಕೇಳಿದ್ಲು, "ಅಕ್ಕ, ಮುಂದಿನ 9ಕ್ಕೆ ಬರಲೇಬೇಕಾ? ಹೊಗೆಸೊಪ್ಪಿನ ಸಸಿ ನಾಟಿ ಇದೆ ಅವತ್ತು."