ಮ್ಯಾಟಿನಡಿಯ ನೀರು

ಮಳೆಗಾಲದಲ್ಲಿ ಕಾರಿನ ಬಾಗಿಲು ತೆಗೆದ ಕೂಡಲೇ ಮುಗ್ಗಲು ವಾಸನೆ ಹೊಡೆದರೆ ಹೆಚ್ಚಿನವರು ಮಾಡುವ ಮೊದಲ ಕೆಲಸ, ಡ್ಯಾಶ್‌ಬೋರ್ಡಿನ ಮೇಲೆ ಮಲ್ಲಿಗೆ ಪರಿಮಳದ ಡಬ್ಬಿಯೊಂದನ್ನು ತಂದಿಡುವುದು. ಎರಡನೆಯದು, ರಬ್ಬರ್ ಮ್ಯಾಟ್ ಎತ್ತಿ ಬಿಸಿಲಿಗೆ ಹಾಕುವುದು. ಮ್ಯಾಟ್ ಒಣಗುತ್ತದೆ, ವಾಸನೆ ಮಲ್ಲಿಗೆಯ ಜೊತೆ ಸೇರಿ ಇನ್ನೂ ವಿಚಿತ್ರವಾಗುತ್ತದೆ. ನೀರು ಇರುವುದು ಮ್ಯಾಟಿನಲ್ಲಲ್ಲ. ಕಾರ್ಪೆಟ್ಟಿನ ಅಡಿಗೆ, ಸದ್ದು ತಡೆಯಲೆಂದು ಹಾಕಿದ ಒಂದು ಅಂಗುಲಕ್ಕೂ ಮಿಕ್ಕಿ ದಪ್ಪದ ಫೋಮ್ ಅಥವಾ ಫೆಲ್ಟ್ ಇರುತ್ತದೆ. ಲೀಟರುಗಟ್ಟಲೆ ಕುಡಿದು, ಮೇಲಿನವರಿಗೆ ಸುಳಿವು ಕೊಡದೆ ಕೂತಿರುವುದು ಅದು. ಅಂಗೈಯಲ್ಲಿ ಸವರಿದರೆ ಏನೂ ತಿಳಿಯುವುದಿಲ್ಲ. ಮುಷ್ಟಿ ಊರಿ ಭಾರ ಬಿಡಬೇಕು, ಆಗ ಬೆರಳ ಸಂದಿಯಲ್ಲಿ ನೀರು ಮೇಲೇಳುತ್ತದೆ. ಇನ್ನೊಂದು ಗುರುತು ಬೆಳಗಿನ ಹೊತ್ತು ಸಿಗುತ್ತದೆ: ರಾತ್ರಿ ನಿಲ್ಲಿಸಿದ ಕಾರಿನ ಗ್ಲಾಸು ಒಳಗಡೆಯಿಂದ ದಿನಾ ಮಂಜು ಹಿಡಿದಿದ್ದರೆ ಒಳಗೆಲ್ಲೋ ನೀರು ನಿಂತಿದೆ.

ಸೋರುವ ಕಾರು ಎಂದರೆ ತೂತು ಬಿದ್ದ ಕಾರು ಎಂದು ನಾವು ತಿಳಿಯುತ್ತೇವೆ, ನೇರ ಅಂಗಡಿಗೆ ಹೋಗಿ ಸಿಲಿಕೋನ್ ಟ್ಯೂಬು ತರುತ್ತೇವೆ. ಅಲ್ಲೇ ಎಡವುವುದು. ಕಾರು ಮಾಡಿದವರು ಮಳೆಯನ್ನು ಪೂರ್ತಿ ಹೊರಗಿಡುವ ಹಟಕ್ಕೆ ಬಿದ್ದವರೇ ಅಲ್ಲ. ಬಾಗಿಲಿನ ಗ್ಲಾಸು ಇಳಿಯಬೇಕಾದರೆ ಸಂದಿ ಬಿಡಲೇಬೇಕು. ಸಂದಿ ಬಿಟ್ಟಮೇಲೆ ಪ್ರತಿ ಮಳೆಗೂ ಬಾಗಿಲಿನ ಹೊಟ್ಟೆಯೊಳಗೆ ನೀರು ಇಳಿಯುತ್ತದೆ, ಅದು ಹೊರಗೆ ಹೋಗಲೆಂದೇ ಬಾಗಿಲಿನ ತಳದ ಅಂಚಿನಲ್ಲಿ ಸಣ್ಣ ಕಿಂಡಿಗಳಿವೆ. ವೈಪರ್ ಬುಡದಲ್ಲಿ ಒಂದು ತೊಟ್ಟಿ, ಸನ್‌ರೂಫಿನ ಸುತ್ತ ಒಂದು ಕಾಲುವೆ, ಏಸಿಯ ಕಾಯಿಲಿನಡಿ ಒಂದು ತಟ್ಟೆ, ಎಲ್ಲಕ್ಕೂ ಒಂದೊಂದು ಮೋರಿ. ಹತ್ತು ಸೋರಿಕೆಯಲ್ಲಿ ಬಹುಪಾಲು ಈ ಮೋರಿಗಳಲ್ಲಿ ಯಾವುದೋ ಒಂದು ಕಟ್ಟಿಕೊಂಡ ಕಥೆ. ಕಟ್ಟಿದ ಮೋರಿಯ ಮೇಲೆ ಸಿಲಿಕೋನ್ ಬಳಿದರೆ ನೀರಿಗೆ ಇದ್ದ ಇನ್ನೊಂದು ದಾರಿಯೂ ಮುಚ್ಚುತ್ತದೆ, ಅಷ್ಟೆ.

ಹುಡುಕಾಟ ಶುರುವಾಗಬೇಕಾದದ್ದು ನೀರಿನಿಂದಲೇ. ಬಿಳಿ ಟಿಶ್ಯೂ ಒತ್ತಿ ಬಣ್ಣ ನೋಡಿ, ಮೂಸಿ. ಹಸಿರೋ ಗುಲಾಬಿಯೋ ಬಣ್ಣ, ಬೆರಳಿಗೆ ಅಂಟಂಟು, ಸಿಹಿ ವಾಸನೆ, ಮುಂದಿನ ಗ್ಲಾಸಿನ ಒಳಮೈಯಲ್ಲಿ ಎಣ್ಣೆ ಸವರಿದಂಥ ಪೊರೆ ಇದ್ದರೆ ಅದು ಮಳೆನೀರಲ್ಲ, ಡ್ಯಾಶ್‌ಬೋರ್ಡಿನೊಳಗೆ ಗಾಳಿ ಬಿಸಿ ಮಾಡುವ ಹೀಟರ್ ಕೋರಿನಿಂದ ಬರುವ ಕೂಲಂಟ್, ಅಂದರೆ ಇಂಜಿನ್ ತಂಪು ಮಾಡುವ ದ್ರವ. ಬಾನೆಟ್ಟಿನ ಕೆಳಗಿನ ಕೂಲಂಟ್ ಡಬ್ಬಿಯ ಮಟ್ಟವೂ ಇಳಿಯುತ್ತಿರುತ್ತದೆ. ಇದು ವಿಷ, ಮಕ್ಕಳನ್ನೂ ನಾಯಿ ಬೆಕ್ಕುಗಳನ್ನೂ ದೂರ ಇಡಬೇಕು. ದುರಸ್ತಿ ಗ್ಯಾರೇಜಿನದೇ, ಕೆಲವು ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕಾಗುತ್ತದೆ. ಸೋಪಿನ ವಾಸನೆ ಬಂದರೆ ವೈಪರ್ ನೀರಿನ ಪೈಪು. ಹ್ಯಾಚ್‌ಬ್ಯಾಕ್ ಕಾರುಗಳಲ್ಲಿ ಹಿಂದಿನ ವೈಪರಿಗೆ ನೀರು ಒಯ್ಯುವ ಸಪೂರ ಪೈಪು ಸಾಮಾನ್ಯವಾಗಿ ಒಳಗಿನಿಂದಲೇ ಹಿಂದಕ್ಕೆ ಹೋಗುತ್ತದೆ. ಅದರ ಜಾಯಿಂಟ್ ಕಳಚಿದರೆ ಮುಂದೆ ಕೂತವರು ಗುಂಡಿ ಒತ್ತಿದಾಗ ಹಿಂದೆ ಕೂತವರ ಬಟ್ಟೆ ತೊಯ್ಯುತ್ತದೆ.

ಬಣ್ಣವಿಲ್ಲ, ವಾಸನೆಯಿಲ್ಲ, ಬೇಸಿಗೆಯಲ್ಲೂ ಬರುತ್ತದೆ ಎಂದರೆ ಏಸಿ. ಎಡಗಡೆ ಮುಂದಿನ ಸೀಟಿನ ಕಾಲಡಿ ಒದ್ದೆಯಾಗುವುದಕ್ಕೆ ನಮ್ಮ ಕಾರುಗಳಲ್ಲಿ ಇದೇ ಮುಖ್ಯ ಕಾರಣ, ಯಾಕೆಂದರೆ ಕೂಲಿಂಗ್ ಕಾಯಿಲ್ ಇರುವುದು ಗ್ಲೋವ್ ಬಾಕ್ಸಿನ ಹಿಂದೆ. ಕರಾವಳಿಯ ಸೆಕೆಯಲ್ಲಿ ಒಂದು ಗಂಟೆ ಓಡಿಸಿದರೆ ಅರ್ಧ ಲೀಟರಿಗೂ ಹೆಚ್ಚು ನೀರು ಆ ಕಾಯಿಲಿನಿಂದ ಇಳಿಯಬಹುದು. ಡ್ರೈನ್ ಪೈಪು ಕಟ್ಟಿದ್ದರೆ ಅದಷ್ಟೂ ಒಳಗೇ ತುಂಬಿ, ಬಲಕ್ಕೆ ಜೋರಾಗಿ ತಿರುಗಿದಾಗ ಪಕ್ಕದವರ ಪಾದದ ಮೇಲೆ ತಣ್ಣಗೆ ಸುರಿಯುತ್ತದೆ. ಪರೀಕ್ಷೆ ಸುಲಭ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಹದಿನೈದು ನಿಮಿಷ ಏಸಿ ಹಾಕಿ, ಕಾರಿನಡಿ ಬಗ್ಗಿ ನೋಡಿ. ಸೆಕೆಯ ದಿನ ನೆಲದ ಮೇಲೆ ನೀರಿನ ಗುರುತೇ ಇಲ್ಲವೆಂದರೆ ಪೈಪು ಕಟ್ಟಿದೆ. ಇಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆಯಿಂದ ಹೊರಗೆ ಮೂತಿ ಚಾಚಿರುವ ಹೆಬ್ಬೆರಳ ದಪ್ಪದ ರಬ್ಬರ್ ಪೈಪು ಅದು. ಕೆಳಗಿನಿಂದ ಮೆತ್ತನೆಯ ನೈಲಾನ್ ತಂತಿಯನ್ನು ನಿಧಾನಕ್ಕೆ ತಿರುಗಿಸುತ್ತ ಸ್ವಲ್ಪವೇ ತೂರಿಸಿದರೆ ಧೂಳು, ಕೂದಲು, ಎಲೆಚೂರಿನ ಕೆಸರು ಬಂದು, ಹಿಂದೆಯೇ ನೀರು ಭಳ್ಳನೆ ಇಳಿಯುತ್ತದೆ. ಮುಖ ಆಚೆಗಿಟ್ಟುಕೊಂಡಿರಿ. ಕಬ್ಬಿಣದ ತಂತಿ ಆಳಕ್ಕೆ ಚುಚ್ಚಿದರೆ ಕಾಯಿಲ್ ತೂತಾಗಿ ಗ್ಯಾಸ್ ಹೋಗುತ್ತದೆ. ಪಂಕ್ಚರ್ ಅಂಗಡಿಯ ಏರ್ ಪೂರ್ತಿ ಬಿಟ್ಟರೆ ಪೈಪಿನ ಒಳಜಾಯಿಂಟ್ ಕಳಚಿ ಸಣ್ಣ ಕೆಲಸ ದೊಡ್ಡದಾಗುತ್ತದೆ.

ಮಳೆ ಬಂದಾಗ ಮಾತ್ರ ಸೋರುತ್ತದೆ ಎನ್ನುವವರು ಬಾನೆಟ್ ಎತ್ತಿ ವೈಪರ್ ಬುಡದ ಕಪ್ಪು ಪ್ಲಾಸ್ಟಿಕ್ ಜಾಲರಿಯ ಕೆಳಗೆ ನೋಡಬೇಕು. ಗ್ಲಾಸಿನ ಮೇಲೆ ಬಿದ್ದ ನೀರೆಲ್ಲ ಅಲ್ಲಿಗೇ ಇಳಿದು, ಎರಡೂ ತುದಿಯ ಕಿಂಡಿಗಳಿಂದ ಮುಂಚಕ್ರದ ಮೇಲಿನ ತಗಡಿನ, ಅಂದರೆ ಫೆಂಡರಿನ, ಹಿಂದೆ ಹೊರಬೀಳುತ್ತದೆ. ಬೆಂಗಳೂರಿನ ಬೀದಿಬದಿಯಲ್ಲಿ ನಿಲ್ಲುವ ಕಾರಿಗೆ ಶತ್ರು ಯಾರು ಎಂದರೆ ಗುಲ್‌ಮೊಹರ್. ಹೊಂಗೆಯ ಎಲೆ ದೊಡ್ಡದು, ಜಾಲರಿಯ ಮೇಲೇ ನಿಲ್ಲುತ್ತದೆ. ಗುಲ್‌ಮೊಹರಿನ ಎಲೆ ಅಕ್ಕಿಕಾಳಿನಷ್ಟು ಸಣ್ಣದು, ಜಾಲರಿ ದಾಟಿ ಒಳಗಿಳಿದು ಧೂಳಿನ ಜೊತೆ ಕಲೆತು ಕಪ್ಪು ಗೊಬ್ಬರವಾಗುತ್ತದೆ. ಎಷ್ಟೋ ಕಾರುಗಳಲ್ಲಿ ಅಲ್ಲಿ ಗಿಡ ಮೊಳೆತಿರುವುದೂ ಉಂಟು. ಕಿಂಡಿ ಕಟ್ಟಿದ ಮೇಲೆ ತೊಟ್ಟಿಯಲ್ಲಿ ನೀರೇರಿ, ಪಕ್ಕದಲ್ಲೇ ಇರುವ ಬ್ಲೋವರಿನ ಗಾಳಿಬಾಯಿಯಿಂದ ಒಳಗೆ ಬೀಳುತ್ತದೆ. ಗ್ಲೋವ್ ಬಾಕ್ಸ್ ತೆಗೆದು, ಒಳಬರುವ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್ ಎಳೆದು ನೋಡಿ. ಅದು ಒದ್ದೆಯಿದ್ದರೆ, ಅಥವಾ ನೀರು ನಿಂತ ಕಂದು ಕಲೆಯಿದ್ದರೆ, ದಾರಿ ಇದೇ. ಏಸಿ ನೀರು ಫಿಲ್ಟರ್ ದಾಟಿದ ಮೇಲಿನ ಕಾಯಿಲಿನಲ್ಲಿ ಹುಟ್ಟಿ ಕೆಳಗಿಳಿಯುವುದರಿಂದ ಸಾಮಾನ್ಯವಾಗಿ ಫಿಲ್ಟರಿಗೆ ತಾಗುವುದಿಲ್ಲ. ಎರಡನ್ನೂ ಬೇರ್ಪಡಿಸಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಶುಚಿ ಮಾಡುವಾಗ ಕಸವನ್ನು ಮೊದಲು ಕೈಯಿಂದಲೇ ಎತ್ತಿ ಹೊರಗೆ ಹಾಕಿ. ಪೈಪು ಹಿಡಿದು ನೀರು ಹೊಡೆಯುವ ಆತುರದಲ್ಲಿ ಗೊಬ್ಬರವೆಲ್ಲ ಕಿಂಡಿಯೊಳಗೇ ಹೋಗಿ ಗಟ್ಟಿಯಾಗುತ್ತದೆ. ಆಮೇಲೆ ಒಂದು ಚೊಂಬು ನೀರು ಸುರಿದು ಎರಡೂ ಮುಂದಿನ ಚಕ್ರಗಳ ಹಿಂದೆ ಧಾರೆ ಬೀಳುತ್ತದೆಯೇ ನೋಡಿದರಾಯಿತು. ಇದು ಮೇ ತಿಂಗಳ ಕೆಲಸ, ಜುಲೈ ತಿಂಗಳದಲ್ಲ.

ಇಷ್ಟರಲ್ಲೂ ಸಿಗದಿದ್ದರೆ ಪತ್ತೇದಾರಿಕೆ ಬೇಕು. ಹಂಚಿನ ಮನೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ: ಒಡೆದ ಹಂಚು ಒಂದು ಕಡೆ, ತೊಟ್ಟಿಕ್ಕುವುದು ಇನ್ನೊಂದು ಕಡೆ, ನಡುವೆ ನೀರು ಪಕಾಸಿಯ ಮೇಲೆ ಸದ್ದಿಲ್ಲದೆ ನಡೆದು ಬಂದಿರುತ್ತದೆ. ಕಾರಿನಲ್ಲಿ ಪಕಾಸಿಯ ಕೆಲಸವನ್ನು ವೈರಿಂಗಿನ ಕಟ್ಟು ಮಾಡುತ್ತದೆ. ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿದರೆ ಹಿಂದಿನ ಸೋರಿಕೆ ಮುಂದಿನ ಸೀಟಿನಡಿ ಬಂದು ಸೇರುತ್ತದೆ. ಒದ್ದೆಯಾದ ಜಾಗವನ್ನು ನಂಬದೆ, ಬದಿಯ ಪ್ಲಾಸ್ಟಿಕ್ ಪಟ್ಟಿಗಳನ್ನು ಬಿಚ್ಚಿ, ಕಾರ್ಪೆಟ್ಟಿನ ಅಂಚು ಎತ್ತಿ, ಬರಿ ತಗಡನ್ನು ಒರೆಸಿ ಟಾಲ್ಕಂ ಪೌಡರ್ ಉದುರಿಸಿ. ಒಬ್ಬರು ಟಾರ್ಚ್ ಹಿಡಿದು ಒಳಗೆ, ಇನ್ನೊಬ್ಬರು ಪೈಪು ಹಿಡಿದು ಹೊರಗೆ. ಪೈಪಿನ ಬಾಯಿಗೆ ಬೆರಳಿಟ್ಟು ಚಿಮ್ಮಿಸಬಾರದು, ನೀರು ಮಳೆಯ ಹಾಗೆ ಸುಮ್ಮನೆ ಹರಿಯಬೇಕು. ವಾಟರ್ ಸರ್ವಿಸ್‌ನವರ ಪ್ರೆಶರ್ ಗನ್ನಿನಿಂದ ಈ ಪರೀಕ್ಷೆ ಮಾಡಿದರೆ ಚೆನ್ನಾಗಿರುವ ರಬ್ಬರೂ ಸೋರಿ ಸುಳ್ಳು ಹೇಳುತ್ತದೆ. ಕೆಳಗಿನಿಂದ ಮೇಲಕ್ಕೆ ಹೋಗಬೇಕು: ಬಾಗಿಲಿನ ತಳ, ಆಮೇಲೆ ಗ್ಲಾಸಿನ ಬುಡ, ಮೇಲಂಚು, ಕೊನೆಗೆ ಚಾವಣಿ. ಒಂದೊಂದು ಜಾಗಕ್ಕೆ ಐದು ನಿಮಿಷ. ಮೇಲಿನಿಂದ ಶುರು ಮಾಡಿದರೆ ಒಂದೇ ಸಲಕ್ಕೆ ಎಲ್ಲ ಕಡೆ ನೀರು ಇಳಿದು, ಯಾವ ಕಿಂಡಿ ಎನ್ನುವುದು ಗೊತ್ತೇ ಆಗುವುದಿಲ್ಲ. ಹೊರಗಿನವರಿಗೆ ಬೇಸರ ಬಂದು ಬೇಗ ಮೇಲೆ ಹೋಗುತ್ತಾರೆ. ಈ ಪರೀಕ್ಷೆ ಕೆಡುವುದು ಹೆಚ್ಚಾಗಿ ಅಲ್ಲಿಯೇ.

ಬಾಗಿಲಿನ ವಿಷಯ ಸ್ವಲ್ಪ ನಿಂತು ನೋಡುವಂಥದ್ದು. ಡೋರ್ ಪ್ಯಾಡ್ ಬಿಚ್ಚಿದರೆ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಕಪ್ಪು ಬ್ಯುಟೈಲ್ ಅಂಟಿನಿಂದ ತಗಡಿಗೆ ಹತ್ತಿಕೊಂಡಿರುತ್ತದೆ. ನೋಡಿದರೆ ಪ್ಯಾಕಿಂಗಿನ ಕಸ ಎನ್ನಿಸುತ್ತದೆ. ಸ್ಪೀಕರ್ ಹಾಕುವವರು, ಪವರ್ ವಿಂಡೋ ಮೋಟರ್ ಬದಲಿಸುವವರು ಅದನ್ನು ಹಾಗೆಂದೇ ಹರಿದು ಬಿಸಾಡುತ್ತಾರೆ. ಬಾಗಿಲಿನ ಹೊಟ್ಟೆಯೊಳಗೆ ಇಳಿದ ನೀರನ್ನು ಪ್ಯಾಡಿನ ಕಡೆ ಬಿಡದೆ ಹೊರಕಿಂಡಿಗೆ ಕಳಿಸುವುದು ಆ ಹಾಳೆಯೊಂದೇ. ಅದಿಲ್ಲದಿದ್ದರೆ ನೀರು ಪ್ಯಾಡಿನ ತಳದಿಂದ, ಬಾಗಿಲಿನ ಸುತ್ತಲಿನ ಬೀಡಿಂಗ್ ರಬ್ಬರಿನ ಒಳಬದಿಗೆ ಇಳಿಯುತ್ತದೆ. ಹೊರಗಿನ ರಬ್ಬರ್ ಎಷ್ಟು ಹೊಸದಾದರೂ ಪ್ರಯೋಜನವಿಲ್ಲ, ನೀರು ಅದನ್ನು ದಾಟಿ ಬಂದಾಗಿದೆ. ಕಾರ್ಪೆಟ್ಟು ಬಾಗಿಲ ಬದಿಯ ಅಂಚಿನಲ್ಲಷ್ಟೇ ಒದ್ದೆ, ಪ್ಯಾಡಿನ ತಳದಲ್ಲಿ ಕೆಸರುಗೆರೆ ಎಂದರೆ ಇದನ್ನೇ ಅನುಮಾನಿಸಿ. ಹಿಡಿಕೆಯ ಹಿಂದೆ, ತೋಳಿಡುವ ಜಾಗದ ಅಡಿಗೆ ಸ್ಕ್ರೂಗಳಿವೆ. ಅವು ತೆಗೆದ ಮೇಲೆ ಸುತ್ತಲಿನ ಕ್ಲಿಪ್ಪುಗಳು ಒಂದೊಂದಾಗಿ ಬಿಡುತ್ತವೆ. ಕೆಲವು ಮುರಿದೇ ಮುರಿಯುತ್ತವೆ, ಮೊದಲೇ ನಾಲ್ಕಾರು ತಂದಿಟ್ಟುಕೊಳ್ಳಿ. ಹಾಳೆ ಹರಿದಿದ್ದರೆ ದಪ್ಪ ಪಾಲಿಥಿನ್ ಕತ್ತರಿಸಿ, ಹೊಸ ಬ್ಯುಟೈಲ್ ಟೇಪಿನಿಂದ ಅಂಟಿಸಿ. ತಗಡು ಒಣಗಿ ಶುಚಿಯಾಗಿರಬೇಕು. ಫೋಟೋ ಅಂಟಿಸುವ ಡಬಲ್ ಟೇಪು ಒಂದು ಮಳೆಗಾಲವೂ ಬಾಳುವುದಿಲ್ಲ. ಬಹಳ ಜನ ಮರೆಯುವ ಸಂಗತಿ ಕೆಳ ಅಂಚಿನದು: ಅದನ್ನು ತಗಡಿನ ಸೀಳಿನಿಂದ ಬಾಗಿಲಿನ ಒಳಹೊಟ್ಟೆಗೆ ತೂರಿಸಬೇಕು. ಆಗ ಹಾಳೆಯ ಮೇಲೆ ಇಳಿದ ನೀರು ಮತ್ತೆ ಒಳಗೇ ಬಿದ್ದು ಕಿಂಡಿಯಿಂದ ಹೋಗುತ್ತದೆ. ಬಾಗಿಲು ಹಾಕುವಾಗ ಒಳಗೆ ನೀರು ಕುಲುಕುವ ಸದ್ದು ಬಂದರೆ ಕಿಂಡಿಯೇ ಮುಚ್ಚಿದೆ, ತೆಂಗಿನ ಗರಿಯ ಕಡ್ಡಿ ಸಾಕು.

ಬೀಡಿಂಗ್ ರಬ್ಬರಿನ ಪರೀಕ್ಷೆಗೆ ಹತ್ತು ರೂಪಾಯಿಯ ನೋಟು ಇಟ್ಟು ಬಾಗಿಲು ಹಾಕಿ ಎಳೆಯಿರಿ, ಬಿಗಿಯಾಗಿ ಬರಬೇಕು. ಅದಕ್ಕೆ ಸಿಲಿಕೋನ್ ಗ್ರೀಸ್ ಸವರಬಹುದು. ಗಾಡಿಯ ಗ್ರೀಸ್, ಇಂಜಿನ್ ಆಯಿಲ್ ಸವರಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ.

ಮುಂದಿನ ಗ್ಲಾಸು ಬದಲಿಸಿದ ನಂತರ ಶುರುವಾದ ಸೋರಿಕೆಗೆ ಬೇರೆ ವಿಚಾರಣೆ ಬೇಡ. ಗ್ಲಾಸನ್ನು ಹಿಡಿದಿರುವುದು ಪಾಲಿಯುರೆಥೇನ್ ಅಂಟು. ಅದರ ಗೆರೆ ಒಂದು ಕಡೆ ತುಂಡಾಗಿದ್ದರೆ, ಹಳೆ ತುಕ್ಕಿನ ಮೇಲೇ ಹಚ್ಚಿದ್ದರೆ, ಒಣಗುವ ಮೊದಲೇ ಗ್ಲಾಸುಗಳನ್ನೆಲ್ಲ ಏರಿಸಿ ಬಾಗಿಲು ಧಡಾರನೆ ಹಾಕಿದ್ದರೆ, ನೀರು ಗ್ಲಾಸಿನ ಪಕ್ಕದಲ್ಲಿ ಚಾವಣಿ ಹೊತ್ತಿರುವ ಕಂಬದ ಒಳಗಿಳಿಯುತ್ತದೆ. ಬಾಗಿಲಿನ ಏಟಿಗೆ ಒಳಗಿನ ಗಾಳಿ ಹಸಿ ಅಂಟನ್ನು ಹೊರಗೆ ತಳ್ಳುತ್ತದೆ, ಆದ್ದರಿಂದ ಹೊಸ ಗ್ಲಾಸು ಹಾಕಿದ ದಿನ ಒಂದು ಕಿಟಕಿ ಬೆರಳಗಲ ಇಳಿಸಿರಬೇಕು. ತೂತಿನ ಜಾಗ ಹಿಡಿಯಲು ಕಿಟಕಿಗಳನ್ನೆಲ್ಲ ಮುಚ್ಚಿ, ಬ್ಲೋವರನ್ನು ಹೊರಗಾಳಿಗೆ ತಿರುಗಿಸಿ ಪೂರ್ತಿ ಜೋರಾಗಿಟ್ಟು, ಹೊರಗಿನಿಂದ ಗ್ಲಾಸಿನ ಅಂಚಿಗೆ ಸೋಪುನೀರು ಸಿಂಪಡಿಸಿ. ಗುಳ್ಳೆ ಏಳುವಲ್ಲಿ ಬೆರಳಿಡಿ. ಸರಿಯಾದ ದುರಸ್ತಿ ಎಂದರೆ ಗ್ಲಾಸು ತೆಗೆದು ಮತ್ತೆ ಕೂರಿಸುವುದೇ. ಮೇಲಿನಿಂದ ಎಳೆಯುವ ಬಾತ್‌ರೂಮ್ ಸಿಲಿಕೋನ್, ಅದರಲ್ಲೂ ವಿನೆಗರ್ ವಾಸನೆಯದು, ಬಣ್ಣ ಕಿತ್ತ ತಗಡಿಗೆ ತುಕ್ಕು ತರುತ್ತದೆ. ಮುಂದೆ ಸರಿಯಾದ ಅಂಟು ಹಚ್ಚಹೊರಟರೆ ಅದು ಸಿಲಿಕೋನಿನ ಮೇಲೆ ಹಿಡಿಯುವುದೂ ಇಲ್ಲ.

ಸನ್‌ರೂಫಿನವರು ರಬ್ಬರನ್ನು ಬೈಯುವ ಮೊದಲು ಅದನ್ನು ತೆರೆದು ಮೂಲೆಗಳನ್ನು ನೋಡಲಿ. ಸಾಮಾನ್ಯವಾಗಿ ನಾಲ್ಕು ಮೂಲೆಗೆ ನಾಲ್ಕು ಕಿಂಡಿ, ಅಲ್ಲಿಂದ ಕಂಬಗಳೊಳಗೆ ಸಪೂರ ಪೈಪುಗಳು. ಒಂದು ಲೋಟ ನೀರನ್ನು ನಿಧಾನಕ್ಕೆ ಒಂದು ಮೂಲೆಗೆ ಸುರಿದರೆ ಅದು ಕೆಲ ಕ್ಷಣದಲ್ಲಿ ಕಾರಿನಡಿ ಬೀಳಬೇಕು. ನಿಂತರೆ ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರ, ತುದಿಯನ್ನು ಬೆಂಕಿಯಲ್ಲಿ ಉಂಡೆ ಮಾಡಿ, ತೂರಿಸಿ. ಇಲ್ಲೂ ಏರ್ ಬೇಡ, ಕಬ್ಬಿಣ ಬೇಡ.

ಡಿಕ್ಕಿಯ ನೀರು ಸ್ಟೆಪ್ನಿಯ ಗುಂಡಿಯಲ್ಲಿ ಸೇರುತ್ತದೆ. ಹಿಂದಿನ ಲೈಟಿನ ಸ್ಪಂಜು ಗ್ಯಾಸ್ಕೆಟ್, ಬಂಪರಿನ ಹಿಂದೆ ಅಡಗಿರುವ ಗಾಳಿ ಬಿಡುವ ರಬ್ಬರ್ ಕದ, ಆಂಟೆನಾ ಬುಡ, ಇವೇ ಮಾಮೂಲು ಆರೋಪಿಗಳು. ಹಿಂದಿನಿಂದ ಗುದ್ದಿಸಿಕೊಂಡು ಟಿಂಕರಿಂಗ್ ಮಾಡಿಸಿದ ಕಾರಾದರೆ ಲೈಟಿನ ಸುತ್ತಲಿನ ತಗಡೇ ಸಮ ಇರುವುದಿಲ್ಲ, ಗ್ಯಾಸ್ಕೆಟ್ ಎರಡು ಪದರ ಹಾಕಬೇಕಾದೀತು. ಗುಂಡಿಯ ತಳದ ರಬ್ಬರ್ ಬಿರಡೆ ಕಿತ್ತು ನೀರು ಬಿಟ್ಟು ಹಾಗೇ ಮರೆಯಬೇಡಿ, ಚಕ್ರ ಚಿಮ್ಮಿಸುವ ನೀರಿಗೆ ಅದೇ ಬಾಗಿಲಾಗುತ್ತದೆ. ನಿಂತಾಗ ಒಣಗಿದ್ದು, ಒದ್ದೆ ರಸ್ತೆಯಲ್ಲಿ ಓಡಿದಾಗ ಮಾತ್ರ ಕಾಲಡಿ ನೀರಾಗುವ ಕಾರುಗಳಲ್ಲಿ ಇಂಥದ್ದೇ ಒಂದು ಬಿರಡೆ, ಅಥವಾ ಫಾಗ್ ಲ್ಯಾಂಪಿನ ವೈರಿಗೆಂದು ಕೊರೆದು ರಬ್ಬರ್ ಹಾಕದೆ ಬಿಟ್ಟ ತೂತು ಇರುತ್ತದೆ.

ಕಾರಣ ಸಿಕ್ಕಮೇಲೆ ಒಣಗಿಸುವುದು ಇನ್ನೊಂದು ಕೆಲಸ, ಜನ ಇದನ್ನು ಅರ್ಧಕ್ಕೇ ಬಿಡುತ್ತಾರೆ. ಸೀಟು ತೆಗೆಯಬೇಕಾದರೆ ಕೆಳಗಿನ ಹಳದಿ ಕನೆಕ್ಟರ್ ಕಂಡು ಜಾಗ್ರತೆಯಾಗಬೇಕು, ಅದು ಏರ್‌ಬ್ಯಾಗಿನದು. ಕೀ ತೆಗೆದು, ಬ್ಯಾಟರಿಯ ಮೈನಸ್ ಬಿಚ್ಚಿ, ಹತ್ತು ನಿಮಿಷ ಬಿಟ್ಟು ಕೈ ಹಾಕಿ. ಮತ್ತೆ ಜೋಡಿಸುವವರೆಗೆ ಕೀ ತಿರುಗಿಸಬಾರದು, ತಿರುಗಿಸಿದರೆ ಏರ್‌ಬ್ಯಾಗ್ ದೀಪ ಹತ್ತಿ ಸ್ಕ್ಯಾನರ್ ಇರುವವರ ಬಳಿ ಹೋಗಬೇಕಾಗುತ್ತದೆ. ವೆಟ್ ವ್ಯಾಕ್ಯೂಮಿನಿಂದ ಆದಷ್ಟು ನೀರು ಹೀರಿಸಿ, ಕಾರ್ಪೆಟ್ಟಿನಡಿ ಮರದ ತುಂಡು ಕೊಟ್ಟು ಎತ್ತಿ, ಟೇಬಲ್ ಫ್ಯಾನನ್ನು ಆ ಸಂದಿಗೆ ತಿರುಗಿಸಿ ಎರಡು ಮೂರು ದಿನ ಬಿಡಿ. ಮೇಲಿನಿಂದ ಬಿಸಿಲು ಬಿದ್ದರೆ ಕಾರ್ಪೆಟ್ಟು ಒಣಗುತ್ತದೆಯೇ ಹೊರತು ಫೋಮ್ ಅಲ್ಲ. ಚರಂಡಿ ನೀರು ನುಗ್ಗಿದ್ದಾದರೆ ಫೋಮ್ ಕಿತ್ತು ಹೊಸದು ಹಾಕಿಸುವುದೇ ಲೇಸು. ಹಾಗೇ ಕೆಳಗಿನ ವೈರಿನ ಕನೆಕ್ಟರುಗಳನ್ನು ಬಿಚ್ಚಿ ನೋಡಿ. ಪಿನ್ನಿನ ಮೇಲೆ ಹಸಿರು ಕಿಲುಬು ಕಂಡರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಉಜ್ಜಬೇಕು. ಸೆಂಟ್ರಲ್ ಲಾಕ್ ತಾನಾಗಿ ಬೀಳುವುದು, ಒಳದೀಪ ಮಿನುಗುವುದು, ರಾತ್ರಿ ಬ್ಯಾಟರಿ ಇಳಿಯುವುದು ಎಷ್ಟೋ ಸಲ ಅಲ್ಲಿಂದಲೇ.

ಸೆಕೆಂಡ್ ಹ್ಯಾಂಡ್ ಕಾರು ನೋಡಹೋದಾಗಲೂ ಇದೇ ಜಾಗಗಳಿಗೆ ಕೈ ಹಾಕಿ: ಸ್ಟೆಪ್ನಿ ಎತ್ತಿ ಗುಂಡಿಯ ತಳ, ಸೀಟಿನ ಹಳಿಯ ಬೋಲ್ಟು, ಕಾರ್ಪೆಟ್ಟಿನ ಮೂಲೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಹೊರಗಿನ ಗಜ ಎಲ್ಲರೂ ತೊಳೆದಿರುತ್ತಾರೆ, ಸುರುಳಿಯೊಳಗಿನ ಗಜ ಯಾರೂ ತೊಳೆಯುವುದಿಲ್ಲ. ಅಲ್ಲಿ ಕೆಸರಿನ ಗೆರೆ ಇದ್ದರೆ ಅದು ನೆರೆನೀರಿನಲ್ಲಿ ನಿಂತ ಕಾರು, ಮಾರುವವರು ಹೇಳುವ ಕಿಲೋಮೀಟರಿನ ಲೆಕ್ಕಕ್ಕೆ ಕಿವಿಗೊಡುವ ಅಗತ್ಯವಿಲ್ಲ.